ಬೆನ್ನುಹುರಿ: ಸುದ್ದಿ ಏರುವ ದಾರಿ, ಅಪ್ಪಣೆ ಇಳಿಯುವ ದಾರಿ



ಹುರಿ ಎಂದರೇನೆಂದು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಳೆಗೆ ಎಳೆ ಸೇರಿಸಿ ಹೊಸೆದದ್ದು ಹುರಿ. ನಮ್ಮ ನಿಮ್ಮೆಲ್ಲರ ಬೆನ್ನಿನೊಳಗೂ ಅಂಥದೊಂದು ಹುರಿಯುಂಟು. ಅದು ಕಿರುಬೆರಳಿನ ಗಾತ್ರದ್ದು; ಉದ್ದ ಒಂದು ಮೊಳ, ಎಂದರೆ ಸುಮಾರು 45 ಸೆಂಟಿಮೀಟರು. ಮಿದುಳಿನ ಬುಡದಿಂದ ಹೊರಟು ಸೊಂಟದ ಮೇಲ್ಭಾಗದವರೆಗೆ ಬರುತ್ತದೆ. ಅದನ್ನು ಕಾಪಾಡಲೆಂದು ಸುತ್ತಲೂ ಮೂಳೆಯ ಮಣಿಗಳನ್ನು ಒಂದರ ಮೇಲೊಂದು ಪೋಣಿಸಿದಂತೆ ಇಟ್ಟಿದೆ. ಈ ಹುರಿಯಿಂದ 31 ಜೊತೆ ನರಗಳು ಎಡಕ್ಕೂ ಬಲಕ್ಕೂ ಕವಲೊಡೆದು ಕೈ, ಕಾಲು, ಎದೆ, ಹೊಟ್ಟೆಗಳಿಗೆ ಹೋಗುತ್ತವೆ.

ಇದನ್ನು ನಾವೇಕೆ ತಿಳಿಯಬೇಕು ಎಂದು ತಾವು ಕೇಳಬಹುದು. ನಮ್ಮ ಜನ ಅಡಿಕೆ, ತೆಂಗಿನ ಮರ ಹತ್ತುವವರು. ಮೂಟೆ ತುಂಬಿದ ಟ್ರಾಕ್ಟರಿನ ಮೇಲೆ ಕುಳಿತು ಬರುವವರು. ಬಿದ್ದಾಗ ಬೆನ್ನಿಗೆ ಪೆಟ್ಟು. ಬಿದ್ದವನನ್ನು ಎತ್ತುವವರೂ ನಾವೇ. ಎತ್ತುವ ರೀತಿ ತಪ್ಪಿದರೆ, ಆ ಪೆಟ್ಟಿನಿಂದ ಉಳಿದದ್ದೂ ಕೆಡಬಹುದು.

ಹುರಿಯೊಳಗೆ ನಡೆಯುವ ಕೆಲಸ ಎರಡು ಬಗೆಯದು. ಮೈಯಿಂದ ಮಿದುಳಿಗೆ ಸುದ್ದಿ ಏರುವುದು ಒಂದು. ಮಿದುಳಿನಿಂದ ಮೈಗೆ ಅಪ್ಪಣೆ ಇಳಿಯುವುದು ಇನ್ನೊಂದು. ಸುದ್ದಿ ತರುವ ಎಳೆಗಳು ಹುರಿಯನ್ನು ಹಿಂದುಗಡೆಯಿಂದ ಸೇರುತ್ತವೆ. ಅಪ್ಪಣೆ ಒಯ್ಯುವ ಎಳೆಗಳು ಮುಂದುಗಡೆಯಿಂದ ಹೊರಡುತ್ತವೆ. ಇದನ್ನು 1822ರಲ್ಲಿ ಫ್ರಾನ್ಸಿನ ಮಜಾಂದಿ ಎಂಬ ವೈದ್ಯವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದನು.

ಏರುವ ಸುದ್ದಿಗೂ ಮುಖ್ಯವಾಗಿ ಎರಡು ದಾರಿಗಳುಂಟು. ಕತ್ತಲಲ್ಲಿ ಬದುವಿನ ಮೇಲೆ ನಡೆಯುವಾಗ, ಕಣ್ಣಿಗೆ ಕಾಣದಿದ್ದರೂ ಹೆಜ್ಜೆ ಎಲ್ಲಿದೆಯೆಂದು ತಮಗೆ ಗೊತ್ತಾಗುತ್ತದಲ್ಲವೇ? ಆ ಸುದ್ದಿ, ನವುರಾದ ಸ್ಪರ್ಶದ ಸುದ್ದಿ, ಹುರಿಯ ಹಿಂಭಾಗದಲ್ಲಿ, ತಾನು ಬಂದ ಪಕ್ಕದಲ್ಲಿಯೇ ಮೇಲೇರಿ, ಮಿದುಳಿನ ಬುಡದಲ್ಲಿ ಆಚೆ ಪಕ್ಕಕ್ಕೆ ದಾಟುತ್ತದೆ. ನೋವು ಮತ್ತು ಬಿಸಿ ತಣ್ಣನೆಯ ಸುದ್ದಿಯಾದರೋ ಹುರಿಯನ್ನು ಹೊಕ್ಕ ಸ್ವಲ್ಪದರಲ್ಲಿಯೇ ಆಚೆ ಪಕ್ಕಕ್ಕೆ ದಾಟಿ, ಅನಂತರ ಮೇಲೇರುತ್ತದೆ. ಅಂತೂ ಬಲಗಾಲಿನ ಸುದ್ದಿ ಮಿದುಳಿನ ಎಡಭಾಗಕ್ಕೆ ಮುಟ್ಟುತ್ತದೆ.

ಇಳಿಯುವ ಅಪ್ಪಣೆಯೂ ಹೀಗೆಯೇ. ಮಿದುಳಿನ ಎಡಭಾಗದಿಂದ ಹೊರಟದ್ದರಲ್ಲಿ ಹೆಚ್ಚಿನ ಪಾಲು ಮಿದುಳಿನ ಬುಡದಲ್ಲಿ ಬಲಕ್ಕೆ ದಾಟಿ ಹುರಿಗೆ ಇಳಿಯುತ್ತದೆ. ಮಿದುಳಿನ ಎಡಭಾಗಕ್ಕೆ ಲಕ್ವ ಹೊಡೆದರೆ ಬಲಗೈ ಬಲಗಾಲು ಬೀಳುವುದು ಇದರಿಂದಲೇ.

ಬೆನ್ನುಹುರಿ ಬರಿಯ ದಾರಿಯಲ್ಲ, ತನ್ನಷ್ಟಕ್ಕೆ ತೀರ್ಮಾನ ಮಾಡುವ ಅಧಿಕಾರವೂ ಸ್ವಲ್ಪ ಅದಕ್ಕುಂಟು. ಮುಳ್ಳು ತುಳಿದೊಡನೆ ಕಾಲು ಮೇಲೇಳುತ್ತದೆ. ನೋವು ತಿಳಿಯುವುದು ಆಮೇಲೆ. ಮಿದುಳಿನ ಅಪ್ಪಣೆಗೆ ಕಾಯದೆ ಹುರಿಯೇ ಕಾಲನ್ನು ಎತ್ತಿಸಿರುತ್ತದೆ.

ಈಗ ಪೆಟ್ಟಿನ ಮಾತು. ಕಾಲುವೆಯ ಏರಿ ಒಡೆದರೆ, ಒಡೆದ ಜಾಗದಿಂದ ಕೆಳಗಿನ ಗದ್ದೆಗಳಿಗೆ ನೀರಿಲ್ಲ; ಮೇಲಿನವಕ್ಕೆ ಕೊರತೆಯಿಲ್ಲ. ಹುರಿಯೂ ಹಾಗೆಯೇ. ನಡುಬೆನ್ನಿನಲ್ಲಿ ಹುರಿ ಜಜ್ಜಿಹೋದರೆ ಕಾಲುಗಳು ಬೀಳುತ್ತವೆ, ಕೈಗಳು ಉಳಿಯುತ್ತವೆ. ಕುತ್ತಿಗೆಯಲ್ಲಾದರೆ ಕೈಕಾಲು ನಾಲ್ಕೂ ಬೀಳಬಹುದು. ಇನ್ನೂ ಮೇಲಾದರೆ ಉಸಿರೇ ನಿಲ್ಲಬಹುದು. ಮಲಮೂತ್ರದ ಹಿಡಿತವೂ ತಪ್ಪುತ್ತದೆ. ಒಡೆದ ಏರಿಯನ್ನು ಕಟ್ಟಬಹುದು. ಕಡಿದ ಬೆನ್ನುಹುರಿಯನ್ನು ಮೊದಲಿನಂತೆ ಬೆಸೆಯುವ ವಿದ್ಯೆ ಇಂದಿಗೂ ವೈದ್ಯರ ಕೈಗೆ ಬಂದಿಲ್ಲ. ಆದರೆ ಬಿದ್ದವರೆಲ್ಲರ ಹುರಿಯೂ ಪೂರ್ತಿ ಕಡಿದಿರುವುದಿಲ್ಲ. ಮೂಳೆ ಮುರಿದು, ಹುರಿ ಇನ್ನೂ ಉಳಿದಿರುವುದುಂಟು. ಅಂಥವನನ್ನು ಕುಳ್ಳಿರಿಸಿದರೆ, ರಟ್ಟೆ ಹಿಡಿದು ಎಳೆದರೆ, ಮುರಿದ ಮೂಳೆ ಜರುಗಿ ಹುರಿಯನ್ನು ಹಿಸುಕಬಹುದು.

ಆದುದರಿಂದ, ಯಾರಾದರೂ ಎತ್ತರದಿಂದ ಬಿದ್ದರೆ ಹೀಗೆ ಮಾಡಿರಿ. ಬಿದ್ದವನನ್ನು ಅಲುಗಿಸಬೇಡಿರಿ. "ಅಲ್ಲಾಡಬೇಡಪ್ಪ, ನಾವಿದ್ದೇವೆ" ಎಂದು ಧೈರ್ಯ ಹೇಳಿರಿ. ಒಬ್ಬರು ತಲೆಯ ಬಳಿ ಕುಳಿತು ಎರಡು ಕೈಗಳಿಂದ ತಲೆಯನ್ನು ಅಲುಗದಂತೆ ಹಿಡಿಯಲಿ. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಪಾದವನ್ನು ಮೆಲ್ಲಗೆ ಮುಟ್ಟಿ, "ಗೊತ್ತಾಗುತ್ತದೆಯೇ?" ಎಂದು ಕೇಳಿರಿ, ಅದು ಏರುವ ದಾರಿಯ ಪರೀಕ್ಷೆ. "ಕಾಲ್ಬೆರಳು ಆಡಿಸು" ಎನ್ನಿರಿ. ಅದು ಇಳಿಯುವ ದಾರಿಯ ಪರೀಕ್ಷೆ. ಉತ್ತರವನ್ನು ವೈದ್ಯರಿಗೆ ತಿಳಿಸಿರಿ. ಎರಡೂ ಸರಿಯಾಗಿದ್ದು ಕುತ್ತಿಗೆಯೋ ಬೆನ್ನೋ ನೋಯುತ್ತಿದ್ದರೂ ಏಳಿಸಬೇಡಿರಿ. ನೀರು ಕುಡಿಸಬೇಡಿರಿ. ವಾಂತಿ ಬಂದರೆ ಮೂರು ನಾಲ್ಕು ಜನ ಕೂಡಿ, ತಲೆ, ಕುತ್ತಿಗೆ, ಬೆನ್ನು, ಕಾಲು ಒಂದೇ ನೇರದಲ್ಲಿರುವಂತೆ, ಮರದ ದಿಮ್ಮಿಯನ್ನು ಹೊರಳಿಸುವಂತೆ ಪಕ್ಕಕ್ಕೆ ಹೊರಳಿಸಿರಿ. ಬೆಂಕಿ, ನೀರು, ವಿದ್ಯುತ್ ತಂತಿಯ ಅಪಾಯವಿದ್ದರೆ ಮಾತ್ರ ಜಾಗ ಬದಲಿಸಬೇಕು. ಹೊತ್ತೊಯ್ಯಲೇಬೇಕಾದರೆ ಹೀಗೆಯೇ ಹೊರಳಿಸಿ ಹಲಗೆಯ ಮೇಲೆ ಅಂಗಾತ ಮಲಗಿಸಿರಿ. ಕಂಬಳಿಯ ಜೋಲಿಯಲ್ಲಾಗಲಿ, ಮೋಟಾರ್ ಸೈಕಲ್ಲಿನ ನಡುವೆ ಕೂರಿಸಿಯಾಗಲಿ ಒಯ್ಯಲೇಬಾರದು. ಬೆನ್ನು ತಿಕ್ಕಿಸುವುದು, ಮೂಳೆ ಎಳೆಸುವುದು ಬೇಡವೇ ಬೇಡ.

ಬೀಳದೆಯೂ ಹುರಿ ಕೆಡುವುದುಂಟು. ಚಪ್ಪಲಿ ಕಾಲಿನಿಂದ ಜಾರಿದ್ದು ತಿಳಿಯದಿರುವುದು, ಮುಖ ತೊಳೆಯಲು ಕಣ್ಣು ಮುಚ್ಚಿದೊಡನೆ ತೂರಾಡುವುದು, ಕಾಲುಗಳು ಬರಬರುತ್ತ ಬಿರುಸಾಗುವುದು, ಮೂತ್ರ ಕಟ್ಟುವುದು ಇದರ ಗುರುತುಗಳು. ಬೆನ್ನುಮೂಳೆಯ ಕ್ಷಯ, ಬಿ12 ಜೀವಸತ್ವದ ಕೊರತೆ ಮೊದಲಾದವು ಕಾರಣವಿರಬಹುದು. ಇವಕ್ಕೆ ಮದ್ದುಂಟು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಾಲು ಬಿದ್ದವನು ಮನೆಯಲ್ಲಿದ್ದರೆ ಒಂದು ಮಾತು ನೆನಪಿಡಿರಿ. ನೋವಿನ ಸುದ್ದಿ ಏರದಿರುವುದರಿಂದ, ಒಂದೇ ಮಗ್ಗುಲಲ್ಲಿ ಮಲಗಿ ಚರ್ಮ ಕೊಳೆತರೂ ಅವನಿಗೆ ತಿಳಿಯದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿರಿ. ಸೊಂಟ, ಪೃಷ್ಠ, ಹಿಮ್ಮಡಿಗಳನ್ನು ದಿನವೂ ನೋಡಿರಿ. ಬಿಸಿನೀರನ್ನು ಮೊದಲು ನಿಮ್ಮ ಕೈಯಿಂದ ಮುಟ್ಟಿ ನೋಡಿ ಆಮೇಲೆ ಹಾಕಿರಿ. ಅವನ ಕೈಗಳಿಗೆ ಬಲವುಂಟು, ಬುದ್ಧಿಗೆ ಏನೂ ಆಗಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತು ಅಂಗಡಿ ನಡೆಸಬಲ್ಲ, ಲೆಕ್ಕ ಬರೆಯಬಲ್ಲ. ಮೂಲೆಗೆ ಹಾಕಬೇಡಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಂಥವರಿಗೂ ಸಲ್ಲುತ್ತದೆ, ಪ್ರಮಾಣಪತ್ರ ಮಾಡಿಸಿಕೊಡಿರಿ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ಆಗಬಾರದು. ಮಳೆಗೆ ನೆನೆದು ಜಾರುವ ಮರವನ್ನು ಹತ್ತಬೇಡಿರಿ. ಹತ್ತುವಾಗ ಸೊಂಟಕ್ಕೆ ಗಟ್ಟಿ ಹಗ್ಗವಿರಲಿ. ಬಾವಿಗೆ ಕಟ್ಟೆ ಕಟ್ಟಿಸಿರಿ. ಊರಿನ ಚಾವಡಿಯಲ್ಲಿ ಆಳುದ್ದದ ಗಟ್ಟಿ ಹಲಗೆಯೊಂದನ್ನು ಇಟ್ಟಿರಿ. ಅದನ್ನು ಬಳಸುವ ರೀತಿಯನ್ನು ಊರಿನ ಹುಡುಗರಿಗೆ ಒಂದು ಸಂಜೆ ಮಾಡಿ ತೋರಿಸಿರಿ. ಆ ಹಲಗೆಯ ಕೆಲಸ ಎಂದೂ ಬೀಳದಿರಲಿ. ಬಿದ್ದ ದಿನ ಅದು ಕೈಗೆ ಸಿಗಲಿ.