ಕೌದಿಯ ಪದರು ಮತ್ತು ಅಂಟಿನ ಡಬ್ಬಿ

(ರಜತ ಮಹೋತ್ಸವ ಸಭೆಯಲ್ಲಿ ಮಹಿಳಾ ಹೊಲಿಗೆ ಗುಂಪಿನ ಪರವಾಗಿ ಮಾಡಿದ ಭಾಷಣ)



ನಾವು ಕೌದಿ ಹೊಲಿಯುವವರು. ಭಾಷಣ ಮಾಡಿ ರೂಢಿ ಇಲ್ಲ, ತಪ್ಪಾದರೆ ಹೊಟ್ಟ್ಯಾಗ ಹಾಕ್ಕೋರಿ.

ಹಳೇ ಸೀರೆಯ ಪದರುಗಳು ಹೊಲಿಯುವಾಗ ಸರಿದು ಸುಕ್ಕು ಕಟ್ಟುವುದು ನಮ್ಮ ಹಳೆಯ ತಾಪತ್ರಯ. ಅದಕ್ಕೇ ಮೊದಲು ಉದ್ದುದ್ದ ಕಚ್ಚಾ ಹೊಲಿಗೆ ಹಾಕುತ್ತೇವೆ. ನೆಲಕ್ಕೆ ಬಾಗಿ ಬಾಗಿ ನಡ ಹಿಡೀತದ. ಈಗ ಪಟ್ಟಣದಲ್ಲಿ ಅಂಟಿನ ಸ್ಪ್ರೇ ಡಬ್ಬಿ ಸಿಗುತ್ತದೆ. 10-12 ಅಂಗುಲ ದೂರದಿಂದ ತೆಳ್ಳಗೆ ಹೊಡೆದು ಒತ್ತಿದರೆ ಪದರು ಕೂರುತ್ತದೆ. ಸೊಟ್ಟಾದರೆ ಎತ್ತಿ ಮತ್ತೆ ಹಾಸಬಹುದು. ತೊಳೆದರೆ ಅಂಟು ಹೋಗುತ್ತದೆ.

ನಾವೂ ಒಂದು ಡಬ್ಬಿ ತರಿಸಿ ನೋಡಿದೆವು. ಕೂಸಿನ ಸಣ್ಣ ಕೌದಿಗೆ ಚಲೋ ಆತು. ತೊಳೆದೇ ಕೂಸಿಗೆ ಹೊದಿಸಿದೆವು. ದೊಡ್ಡ ಕೌದಿಗೆ, ಬಿಗಿಯಾಗಲಿ ಎಂದು ದಪ್ಪಗೆ ಹೊಡೆದದ್ದೇ ತಪ್ಪಾಯಿತು. ಸೂಜಿ ಜಿಗುಟಾಗಿ ದಾರ ಎಳೆಯಲಿಕ್ಕೇ ಬರಲಿಲ್ಲ. ಐದಾರು ಪದರಿಗೆ ಪ್ರತಿ ಸಲ ಹೊಡೆಯಬೇಕಲ್ಲ, ಡಬ್ಬಿಯೂ ಬರಿದಾಯಿತು.

ಇನ್ನೊಂದು ಮಾತು. ಡಬ್ಬಿಯೊಳಗೆ ಬೆಂಕಿ ಹತ್ತುವ ಗ್ಯಾಸು ಇರುತ್ತದೆ. ನಮ್ಮಲ್ಲಿ ಬಹಳ ಮಂದಿ ಹೊಲಿಯುವುದು ಒಲೆ ಹಚ್ಚಿದ ಮನೆಯಲ್ಲೇ. ಅಲ್ಲಿ ಹೊಡೆಯಲೇಬಾರದು.

ಆದ್ದರಿಂದ ಸಂಘದ ಹಣದಲ್ಲಿ ಡಬ್ಬಿ ಬೇಡ್ರಿ. ಗೋದಾಮಿನ ಪಡಸಾಲೆ ಮಧ್ಯಾಹ್ನ ಖಾಲಿ ಇರುತ್ತದೆ. ಅಲ್ಲಿ ಎರಡು ಉದ್ದನೆಯ ಮೇಜು ಹಾಕಿಸಿ ಕೊಡಿರಿ. ನಿಂತುಕೊಂಡೇ ಕಚ್ಚಾ ಹೊಲಿಗೆ ಹಾಕುತ್ತೇವೆ. ಸ್ಪ್ರೇ ಬೇಕಾದವರೂ ಅಲ್ಲೇ ಗಾಳಿಗೆ ಹೊಡೆದುಕೊಳ್ಳಲಿ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.