ಸಿಂಹಳದ್ವೀಪದ ಸಂಗ್ರಹಾಲಯಗಳಲ್ಲಿ



ಸಿಂಹಳದ್ವೀಪಕ್ಕೆ ವಿಹಾರಾರ್ಥವಾಗಿ ಹೋಗತಕ್ಕವರು ಸಾಮಾನ್ಯವಾಗಿ ಕಡಲತೀರವನ್ನೂ ಚಹದ ತೋಟಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಹೊರಡುವರು. ಸಂಗ್ರಹಾಲಯವೆಂದರೆ ಮಳೆ ಬಂದ ದಿನ ತಲೆಮರೆಸಿಕೊಳ್ಳಲು ತಕ್ಕ ಸ್ಥಳವೆಂಬ ಭಾವನೆ ಅನೇಕರಲ್ಲಿದೆ. ಕಬ್ಬನ್ ಉದ್ಯಾನದ ಬಳಿಯ ನಮ್ಮ ಕೆಂಪು ಕಟ್ಟಡದ ಮುಂದೆ ವರ್ಷಗಟ್ಟಲೆ ಓಡಾಡಿಯೂ ಒಮ್ಮೆಯೂ ಒಳಗೆ ಕಾಲಿಡದ ಬೆಂಗಳೂರಿಗರು ಪರದ್ವೀಪದಲ್ಲಿ ಅದನ್ನು ಹುಡುಕಿಕೊಂಡು ಹೋಗುವರೆಂದು ನಿರೀಕ್ಷಿಸುವುದು ಕಷ್ಟವೇ. ಆದರೂ ಕೊಲಂಬೊ ನಗರದಲ್ಲಿ ಒಂದು ಪೂರ್ವಾಹ್ನವನ್ನು ಇದಕ್ಕೆಂದು ತೆಗೆದಿಡಬೇಕೆಂದು ಈ ಹೊತ್ತು ನಿಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅಲ್ಲಿನ ರಾಷ್ಟ್ರೀಯ ಸಂಗ್ರಹಾಲಯವು 1877ನೆಯ ಇಸವಿ ಜನವರಿ 1ರಂದು ಆರಂಭವಾಯಿತು. ಗವರ್ನರ್ ಸರ್ ವಿಲಿಯಂ ಗ್ರೆಗರಿ ಎಂಬವರ ಆಸಕ್ತಿಯ ಫಲವದು. ವಿಶಾಲವಾದ ಹಸಿರು ಅಂಗಳದ ನಡುವೆ ಇಟಲಿಯ ಮಾದರಿಯ ಬಿಳಿಯ ಭವನ. ಅದರಲ್ಲಿರುವುದೆಲ್ಲವನ್ನೂ ಒಂದೇ ದಿನ ನೋಡಿ ಮುಗಿಸುವ ಹಟ ಬೇಡ. ಬುದ್ಧವಿಗ್ರಹಗಳು, ನಾಣ್ಯಗಳು, ವಿಕಟವಾದ ಮುಖವಾಡಗಳು, ಇವೆಲ್ಲ ತಮ್ಮಷ್ಟಕ್ಕೆ ಕಣ್ಣನ್ನು ಸೆಳೆಯುತ್ತವೆ. ಕಣ್ಣಿಗೆ ಅಷ್ಟಾಗಿ ಬೀಳದ ಒಂದು ಕಲ್ಲಿನ ಮುಂದೆ ಮಾತ್ರ ತುಸು ಹೊತ್ತು ನಿಲ್ಲಿರಿ.

ಚೀನಾ ದೇಶದ ನೌಕಾಧಿಪತಿ ಝೆಂಗ್ ಹೆ ತನ್ನ ಮೂರನೆಯ ಯಾನದಲ್ಲಿ ತಂದು ನೆಡಿಸಿದ ಶಾಸನವದು. ಅದರ ಮೇಲಿರುವ ಕಾಲ 1409. ಚೀನೀ, ತಮಿಳು, ಪಾರಸಿ ಎಂಬ ಮೂರು ಭಾಷೆಗಳಲ್ಲಿ ಬರೆಹವಿದೆ. ಸಿಂಹಳ ಭಾಷೆ ಮಾತ್ರ ಇಲ್ಲ! ಚೀನೀ ಭಾಗದಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿನ ಅವತಾರನಾದ ತೆನವರೈ ನಾಯನಾರಿಗೆ, ಪಾರಸಿಯಲ್ಲಿ ಅಲ್ಲಾಹನಿಗೆ ಚಕ್ರವರ್ತಿಯು ಹೊನ್ನು, ಬೆಳ್ಳಿ, ಪಟ್ಟೆ, ಸುಗಂಧತೈಲಗಳನ್ನು ಕಾಣಿಕೆಯಾಗಿ ಕಳುಹಿಸಿದನೆಂದು ಹೇಳಿದೆ. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಇದನ್ನು ಓದಿ ಎಂತಹ ಸಮದೃಷ್ಟಿಯೆಂದು ಮೆಚ್ಚಿಕೊಳ್ಳುವ ಮೊದಲು ಮುಂದಿನ ಕಥೆಯನ್ನೂ ಕೇಳಬೇಕು. ಅದೇ ಯಾನದಲ್ಲಿ ಅದೇ ನೌಕಾಧಿಪತಿಯು ದ್ವೀಪದ ಅಧಿಪತಿಯಾದ ಅಳಕೇಶ್ವರನೊಡನೆ ಕಾದಾಡಿ, ಅವನನ್ನು ಸೆರೆಹಿಡಿದು ಚೀನಾಕ್ಕೆ ಒಯ್ದನು. ದೇವತೆಗಳಿಗೆ ಕಾಣಿಕೆ, ದೊರೆಗೆ ಸಂಕೋಲೆ. ಕಾಲಾಂತರದಲ್ಲಿ ಈ ಶಿಲೆಯನ್ನು ಜನ ಮರೆತರು. 1911ರಲ್ಲಿ ಗಾಲೆ ಪಟ್ಟಣದಲ್ಲಿ ಅದು ಮೋರಿಯೊಂದರ ಮುಚ್ಚುಗಲ್ಲಾಗಿ ಬಿದ್ದಿದ್ದುದನ್ನು ಎಂಜಿನಿಯರೊಬ್ಬರು ಗುರುತಿಸಿದರು.

ಇನ್ನು ಕ್ಯಾಂಡಿಯ ಅರಸರ ಸಿಂಹಾಸನ. ಮರದ ಪೀಠಕ್ಕೆ ಹೊನ್ನಿನ ತಗಡನ್ನು ಹೊದಿಸಿದೆ. ತೋಳುಗಳ ಸ್ಥಾನದಲ್ಲಿ ಸಿಂಹಗಳು, ಬೆನ್ನೊರಗಿನ ತುದಿಯಲ್ಲಿ ಸೂರ್ಯ. 1693ರಲ್ಲಿ ಡಚ್ಚರು ಇದನ್ನು ಎರಡನೆಯ ವಿಮಲಧರ್ಮಸೂರ್ಯ ಅರಸನಿಗೆ ಉಡುಗೊರೆಯಾಗಿ ಕೊಟ್ಟರು. 1815ರಲ್ಲಿ ಇಂಗ್ಲಿಷರು ಕ್ಯಾಂಡಿಯನ್ನು ವಶಪಡಿಸಿಕೊಂಡಾಗ ಕಿರೀಟದೊಡನೆ ಇದೂ ಇಂಗ್ಲೆಂಡಿಗೆ ಹೋಯಿತು. ವಿಂಡ್ಸರ್ ಅರಮನೆಯಲ್ಲಿ ಬಹುಕಾಲವಿದ್ದು 1934ರಲ್ಲಿ ಹಿಂದಿರುಗಿತು. ತಂದೊಪ್ಪಿಸಿದವರು ಐದನೆಯ ಜಾರ್ಜ್ ದೊರೆಯ ಮಗ, ಗ್ಲಾಸ್ಟರ್ ಡ್ಯೂಕರು. ಅದರ ಮೇಲೆ ಕಡೆಯದಾಗಿ ಕುಳಿತ ಶ್ರೀವಿಕ್ರಮ ರಾಜಸಿಂಹನಾದರೋ ದಕ್ಷಿಣ ಭಾರತದ ನಾಯಕ ಕುಲದವನು. ಅವನನ್ನು ನಮ್ಮ ನೆರೆಯ ವೇಲೂರಿನ ಕೋಟೆಗೆ ಗಡೀಪಾರು ಮಾಡಿದರು. ಅವನು 1832ರಲ್ಲಿ ಅಲ್ಲಿಯೇ ತೀರಿಕೊಂಡನು. ಬೆಂಗಳೂರಿನಿಂದ ಮದರಾಸಿನ ದಾರಿಯಲ್ಲಿ ಹೋಗುವವರು ಪಾಲಾರ್ ನದಿಯ ದಡದಲ್ಲಿ ಅವನ ಸಮಾಧಿಯನ್ನು ನೋಡಬಹುದು. ಕೊಲಂಬೊ ನೋಡಿಬಂದವರಿಗೆ ಅದು ಬೇರೆಯೇ ಆಗಿ ಕಾಣುವುದು.

ಸಿಂಹಾಸನವನ್ನು ಕೊಟ್ಟ ಡಚ್ಚರೇ 1765ರಲ್ಲಿ ಕ್ಯಾಂಡಿಯನ್ನು ಸೂರೆಗೈದು, ಹೊನ್ನು, ಬೆಳ್ಳಿ, ರತ್ನಗಳಿಂದ ಅಲಂಕೃತವಾದ ಒಂದು ಸಣ್ಣ ಫಿರಂಗಿಯನ್ನು ಕೊಂಡೊಯ್ದಿದ್ದರು. ಅದು ಆಮ್‌ಸ್ಟರ್‌ಡಾಮಿನ ಪ್ರಸಿದ್ಧ ಸಂಗ್ರಹಾಲಯದಲ್ಲಿ ಬಹುಕಾಲವಿದ್ದು, ಖಡ್ಗ ಬಂದೂಕು ಮೊದಲಾದ ಇತರ ಐದು ವಸ್ತುಗಳೊಡನೆ 2023ರಲ್ಲಿ ಕೊಲಂಬೊ ಸೇರಿತು. ಬಾರದೆ ಉಳಿದುದೂ ಉಂಟು. ದ್ವೀಪದ ಪೂರ್ವತೀರದಲ್ಲಿ ದೊರೆತ, ಹೊನ್ನಿನ ಮೆರುಗಿನ ತಾರಾದೇವಿಯ ಕಂಚಿನ ಮೂರ್ತಿಯನ್ನು ಗವರ್ನರ್ ಬ್ರೌನ್‌ರಿಗ್ ಅವರು 1830ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟರು. ಕೊಲಂಬೊದಲ್ಲಿರುವುದು ಅದರ ಪ್ರತಿಕೃತಿ. ಲಂಡನ್ನಿನಲ್ಲಿ ಹೆಚ್ಚು ಜನರು ನೋಡುವರೆಂಬ ವಾದವನ್ನು ನಾನು ಕೇಳಿಬಲ್ಲೆ. ಆದರೆ ಯಾವ ತೀರದಲ್ಲಿ ಆಕೆಗೆ ಪೂಜೆ ಸಂದಿತೋ ಅಲ್ಲಿಯ ಮಕ್ಕಳು ನಕಲನ್ನು ನೋಡಿ ತೃಪ್ತರಾಗಬೇಕೆಂಬುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಕ್ಯಾಂಡಿಯ ದಂತಧಾತು ಮಂದಿರವನ್ನು ಎಲ್ಲರೂ ನೋಡುತ್ತಾರೆ, ನಾನು ಹೇಳಬೇಕಾದುದಿಲ್ಲ. ಸಿಗಿರಿಯದ ವಿಷಯವಾಗಿ ಮಾತ್ರ ಒಂದು ಸಲಹೆ. ಬಂಡೆಯನ್ನು ಹತ್ತುವ ಮೊದಲು ಅದರ ಬುಡದಲ್ಲಿ 2009ರಲ್ಲಿ ತೆರೆದ ಸಂಗ್ರಹಾಲಯವನ್ನು ಹೊಕ್ಕು ಬನ್ನಿ. ಐದನೆಯ ಶತಮಾನದಲ್ಲಿ ಕಾಶ್ಯಪ ದೊರೆಯು ಆ ಬಂಡೆಯ ನೆತ್ತಿಯಲ್ಲಿ ಅರಮನೆಯನ್ನು ಕಟ್ಟಿಸಿದನು. ನಡುಮೈಯಲ್ಲಿ ಚೆಲುವೆಯರ ಚಿತ್ರಗಳನ್ನು ಬರೆಯಿಸಿದನು. 1967ರಲ್ಲಿ ದುರುಳರು ಅವುಗಳ ಮೇಲೆ ಹಸಿರು ಬಣ್ಣವನ್ನು ಬಳಿದು ಕೆಡಿಸಿದ್ದರು. ತಜ್ಞರು ಬಹಳ ಶ್ರಮದಿಂದ ಸರಿಪಡಿಸಿದರು.

ಚಿತ್ರಗಳ ಕೆಳಗಡೆ ಕನ್ನಡಿಗೋಡೆಯೆಂಬ ನುಣುಪಾದ ಗೋಡೆಯಿದೆ. ಸಾವಿರ ವರ್ಷಗಳ ಹಿಂದೆ ಅಲ್ಲಿಗೆ ಬಂದ ಪ್ರೇಕ್ಷಕರು ಅದರ ಮೇಲೆ ಪದ್ಯಗಳನ್ನು ಗೀಚಿದರು. ಅವರಲ್ಲಿ ಅಧಿಕಾರಿಗಳಿದ್ದರು, ಭಿಕ್ಷುಗಳಿದ್ದರು, ಹೆಂಗಸರೂ ಇದ್ದರು. ಚಿತ್ರದ ಹೆಣ್ಣು ತಮ್ಮೊಡನೆ ಮಾತಾಡಲೊಲ್ಲಳೆಂದು ಕೊರಗಿದವರುಂಟು. ವಿದ್ವಾಂಸರಾದ ಸೇನರತ್ ಪರಣವಿತಾನರು ಇಂತಹ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಪ್ರಾಚೀನ ಸಿಂಹಳ ಭಾಷೆಯನ್ನು ಅರಿಯಲು ಅವು ಅಮೂಲ್ಯವಾದ ಆಧಾರಗಳು. ಅದೇ ಗೋಡೆಯ ಮೇಲೆ 2015ರಲ್ಲಿ ಯುವತಿಯೊಬ್ಬಳು ತನ್ನ ಹೆಸರನ್ನು ಕೆತ್ತಿದಾಗ ನ್ಯಾಯಾಲಯವು ಆಕೆಗೆ ಎರಡು ವರ್ಷಗಳ ಸೆರೆಯನ್ನು ವಿಧಿಸಿತು. ಕೆಲವು ವಾರಗಳ ಮೇಲೆ ರಾಷ್ಟ್ರಾಧ್ಯಕ್ಷರು ಕ್ಷಮಾದಾನ ಮಾಡಿ ಬಿಡಿಸಿದರು.