ಸೀಟು ಸಿಕ್ಕಿತು ಅಂತ ಸುಮ್ಮನಾಗಬೇಡಿ

(ರಾಜಾನುಕುಂಟೆಯಲ್ಲಿ ನಡೆದ, ವಿಶೇಷ ಅಗತ್ಯವುಳ್ಳ ಮಕ್ಕಳ ಪೋಷಕರ ಸಭೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿರುವ ಧರ್ಮಭಗಿನಿಯೊಬ್ಬರು ಮಾಡಿದ ಭಾಷಣ)

ಮಕ್ಕಳು ಓಡಾಡಲಿ, ಕೂಗಲಿ, ನನಗೇನೂ ತೊಂದರೆ ಇಲ್ಲ. ಅವರನ್ನು ಸುಮ್ಮನಿರಿಸೋಕೆ ಅಂತ ಯಾರೂ ಎದ್ದು ಹೊರಗೆ ಹೋಗಬೇಡಿ.

ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗೆ ಚಿಕ್ಕ ಖಾಸಗಿ ಶಾಲೆಯನ್ನು ಆರಿಸುವುದು ಹೇಗೆ ಎಂದು ಮಾತಾಡಲು ನನ್ನನ್ನು ಕರೆದಿದ್ದಾರೆ. ಬಾಡಿಗೆ ಮನೆಯಲ್ಲಿ ಹತ್ತು ಹದಿನೈದು ಮಕ್ಕಳನ್ನು ಇಟ್ಟುಕೊಂಡು ನಡೆಸುವ ಶಾಲೆಗಳನ್ನು ನೀವೂ ನೋಡಿದ್ದೀರಿ. ಸಭೆ ಶುರುವಾಗುವ ಮೊದಲೇ ಒಬ್ಬ ತಾಯಿ ನನ್ನ ಹತ್ತಿರ ಬಂದು, “ಸಿಸ್ಟರ್, ಯಾವ ಶಾಲೆ ಒಳ್ಳೇದು ಅಂತ ನೀವೇ ಹೇಳಿಬಿಡಿ” ಅಂದರು. ಮೊದಲೆಲ್ಲ ನಾನು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಯಾಕೆ ಅಂತ ತಿಳಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂಬತ್ತು ವರ್ಷದ ಒಬ್ಬ ಹುಡುಗನನ್ನು ನಾನೇ ಹೇಳಿ ಅಂಥ ಒಂದು ಶಾಲೆಗೆ ಸೇರಿಸಿದೆ. ಆಟಿಸಂ ಇತ್ತು, ಫಿಟ್ಸ್ ಸಹ ಬರುತ್ತಿತ್ತು. ಎರಡು ಶಾಲೆಗಳಲ್ಲಿ ಬೇಡ ಅನ್ನಿಸಿಕೊಂಡು ಬಂದವನು. ನಾನು ಸೂಚಿಸಿದ ಶಾಲೆಯಲ್ಲಿ ಹನ್ನೊಂದೇ ಮಕ್ಕಳು. ಅಂಗಳದಲ್ಲಿ ಗಿಡ ಮರ, ಗೋಡೆಯ ಮೇಲೆ ಚಿತ್ರ. ನಡೆಸುವ ಮೇಡಂ ಮಾತು ಜೇನಿನಂತೆ. ಅರ್ಧ ಗಂಟೆ ಆಫೀಸಿನಲ್ಲಿ ಕೂತು, ಕಾಫಿ ಕುಡಿದು, ಒಳ್ಳೆಯ ಜಾಗ ಎಂದು ತೀರ್ಮಾನ ಮಾಡಿ ಬಂದೆ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು ನಾನು!

ಹುಡುಗ ಸಂಜೆ ಸುಮ್ಮನೆ ಮನೆಗೆ ಬರುತ್ತಿದ್ದ. “ಈಗ ಗಲಾಟೆಯೇ ಇಲ್ಲ ಸಿಸ್ಟರ್” ಎಂದು ತಾಯಿ ಸಂತೋಷಪಟ್ಟಳು. ನಾನೂ ದೇವರಿಗೆ ಸ್ತೋತ್ರ ಹೇಳಿದೆ. ಏಳು ತಿಂಗಳಾದ ಮೇಲೆ ಅವರ ಮನೆಗೆ ಹೋದರೆ ಮಗು ಡೈಪರಿನಲ್ಲಿದ್ದಾನೆ. ಆ ಮಗು ಶಾಲೆಗೆ ಸೇರುವ ಮೊದಲು ಅಮ್ಮನ ಸೆರಗು ಎಳೆದು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದ. “ನೀರು” ಅನ್ನುವ ಒಂದು ಮಾತು ಬರುತ್ತಿತ್ತು. ಎರಡೂ ಹೋಗಿತ್ತು. ಶಾಲೆಯಲ್ಲಿ ಹನ್ನೊಂದು ಮಕ್ಕಳಿಗೆ ಒಬ್ಬಳೇ ಆಯಾ. ಪ್ರತಿಯೊಬ್ಬರನ್ನೂ ಎಬ್ಬಿಸಿ ಕರೆದುಕೊಂಡು ಹೋಗೋಕೆ ಅವಳಿಂದ ಆಗುತ್ತಿರಲಿಲ್ಲ, ಅದಕ್ಕೆ ಬೆಳಿಗ್ಗೆಯೇ ಎಲ್ಲರಿಗೂ ಡೈಪರ್ ಹಾಕಿ ಟಿ.ವಿ. ಮುಂದೆ ಕೂರಿಸುತ್ತಿದ್ದಳು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಕಲಿಸಲೂ ಇಲ್ಲ. ಬಚ್ಚಲಿನ ಅಭ್ಯಾಸ ಮತ್ತೆ ಬರೋಕೆ ಒಂದೂವರೆ ವರ್ಷ ಹಿಡಿಯಿತು. “ನೀರು” ಅನ್ನುವ ಮಾತು ಇನ್ನೂ ಬಂದಿಲ್ಲ.

ಆ ತಾಯಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ಸೇರಿಸಿಕೊಂಡರಲ್ಲ, ಅದೇ ದೊಡ್ಡದು ಅಂತ ನಾನು ಏನೂ ಕೇಳೋಕೆ ಹೋಗಲಿಲ್ಲ” ಅಂದಳು. ನಮ್ಮೆಲ್ಲರ ಸ್ಥಿತಿಯೂ ಇದೇ. ನಾಲ್ಕು ಕಡೆ ಬಾಗಿಲು ಹಾಕಿಸಿಕೊಂಡವರಿಗೆ ಐದನೆಯ ಕಡೆ ಬಾಗಿಲು ತೆರೆದರೆ ಕೈಮುಗಿಯಬೇಕು ಅನ್ನಿಸುತ್ತದೆ, ಪ್ರಶ್ನೆ ಕೇಳಬೇಕು ಅನ್ನಿಸುವುದಿಲ್ಲ. ಕೇಳಿದರೆ ಇಲ್ಲೂ ಕಳಿಸಿಬಿಟ್ಟರೆ ಅನ್ನುವ ಭಯ. ಆದರೆ ಅವರೇನು ನಿಮಗೆ ಭಿಕ್ಷೆ ಹಾಕುತ್ತಿಲ್ಲ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ, ಹತ್ತಿರದ ಶಾಲೆಯಲ್ಲೋ ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ಹಾಗಿದ್ದರೂ ಖಾಸಗಿಯವರು ಫೀಸು ಕೇಳುತ್ತಾರೆ, ನೀವು ಕಟ್ಟುತ್ತೀರಿ. ಕಟ್ಟುವವರಿಗೆ ಕೇಳುವ ಅಧಿಕಾರವಾದರೂ ಬೇಡವೇ?

ಆದ್ದರಿಂದ ನನ್ನ ಮೊದಲ ಮಾತು: ಆಫೀಸಿನಲ್ಲಿ ಕೂತು ಶಾಲೆ ಆರಿಸಬೇಡಿ. ಒಂದು ದಿನ ಪೂರ್ತಿ ಅಲ್ಲಿರಲು ಅವಕಾಶ ಕೇಳಿ. ಒಂದು ದಿನದ ಕೂಲಿ ಹೋಗುತ್ತದೆ ನಿಜ. ಪೂರ್ತಿ ದಿನ ಆಗದಿದ್ದರೆ ಊಟದ ಹೊತ್ತಿಗೆ ಹೋಗಿ. ಯಾರು ತಿನ್ನಿಸುತ್ತಾರೆ, ತಾನೇ ತಿನ್ನಬಲ್ಲ ಮಗುವಿಗೆ ತಿನ್ನೋಕೆ ಬಿಡುತ್ತಾರಾ ಅಥವಾ ಬೇಗ ಮುಗಿಯಲಿ ಅಂತ ಬಾಯಿಗೆ ತುರುಕುತ್ತಾರಾ, ನೋಡಿ. ಬಚ್ಚಲುಮನೆ ನೋಡಿ. ನೆಲ ಒದ್ದೆಯಾಗಿದೆಯಾ, ಹಿಡಿದುಕೊಳ್ಳೋಕೆ ಕಂಬಿ ಇದೆಯಾ, ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವವರು ಯಾರು. ಇದನ್ನು ಕೇಳೋಕೆ ನಾಚಿಕೆ ಪಡಬಾರದು. ಮಾತು ಬಾರದ ಮಗು ಮನೆಗೆ ಬಂದು ದೂರು ಹೇಳುವುದಿಲ್ಲ. ಪೋಷಕರು ಗೇಟಿನ ಒಳಗೆ ಬರಬಾರದು, ಮಕ್ಕಳ ಗಮನ ಹಾಳಾಗುತ್ತದೆ ಅನ್ನುವ ಶಾಲೆಗೆ ನಾನಂತೂ ಯಾರನ್ನೂ ಕಳಿಸುವುದಿಲ್ಲ.

ಎರಡನೆಯದು ಟೀಚರ್ ವಿಷಯ. ವಿಶೇಷ ಶಿಕ್ಷಣದಲ್ಲಿ ಡಿ.ಎಡ್. ಅಥವಾ ಬಿ.ಎಡ್. ಮಾಡಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. 1992ರಲ್ಲಿ ಆದ ಕಾಯ್ದೆ ಅದು. ನೋಂದಣಿಗೆ ಒಂದು ಸಿ.ಆರ್.ಆರ್. ನಂಬರ್ ಇರುತ್ತದೆ, ಅದನ್ನು ಕೇಳಿ. “ಪ್ರೀತಿ ಮುಖ್ಯ, ಸರ್ಟಿಫಿಕೇಟ್ ಅಲ್ಲ” ಎಂದು ಕೆಲವರು ಉತ್ತರ ಕೊಡುತ್ತಾರೆ. ಪ್ರೀತಿ ನಿಮ್ಮ ಮನೆಯಲ್ಲೂ ಇದೆ, ಅದಕ್ಕೆ ಫೀಸು ಕಟ್ಟಬೇಕಾಗಿಲ್ಲ. ಅಂಗವಿಕಲರ ಸಂಸ್ಥೆ ನಡೆಸುವವರು ಸರ್ಕಾರದಿಂದ ನೋಂದಣಿ ಪತ್ರ ಪಡೆದಿರಬೇಕೆಂದು 2016ರ ಕಾಯ್ದೆಯಲ್ಲೇ ಇದೆ. ಅದನ್ನೂ ತೋರಿಸಿ ಅನ್ನಿ.

ನಂತರ ಐ.ಇ.ಪಿ. ಅಂದರೆ ನಿಮ್ಮ ಮಗುವಿಗೆ ಅಂತಲೇ ಬರೆದ ಕಲಿಕೆಯ ಯೋಜನೆ. ಮುಂದಿನ ಮೂರು ತಿಂಗಳಲ್ಲಿ ಏನು ಕಲಿಸುತ್ತೇವೆ, ಯಾರು ಕಲಿಸುತ್ತಾರೆ, ಕಲಿತಿದ್ದಾನೆ ಅಂತ ಹೇಗೆ ಗೊತ್ತಾಗುತ್ತದೆ, ಇಷ್ಟು ಅದರಲ್ಲಿರಬೇಕು. “ಸುಧಾರಿಸುತ್ತಾನೆ” ಅಂತ ಬರೆದರೆ ಅದು ಯೋಜನೆಯಲ್ಲ. “ಅಂಗಿಯ ಮೇಲಿನ ಎರಡು ಗುಂಡಿ ತಾನೇ ಹಾಕಿಕೊಳ್ಳುತ್ತಾನೆ” ಅಂತ ಬರೆದರೆ ಯೋಜನೆ. ಮಗುವಿಗೆ ಈಗ ಏನೇನು ಬರುತ್ತದೆ ಎಂದು ನೀವೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಆ ಹುಡುಗನ ವಿಷಯದಲ್ಲಿ ನಾವು ಬರೆದಿಟ್ಟಿದ್ದರೆ ಏಳು ತಿಂಗಳು ಕಾಯಬೇಕಾಗಿರಲಿಲ್ಲ, ಮೊದಲ ತಿಂಗಳಲ್ಲೇ ಗೊತ್ತಾಗುತ್ತಿತ್ತು. ಫಿಟ್ಸ್ ಇರುವ ಮಗುವಾದರೆ ಮಾತ್ರೆಯ ಚೀಟಿ ಟೀಚರ್ ಹತ್ತಿರ ಇರಲಿ. ಫಿಟ್ಸ್ ಬಂದಾಗ ಏನು ಮಾಡುತ್ತೀರಿ ಎಂದು ಆಯಾಳನ್ನೂ ಕೇಳಿ. ಕೈಗೆ ಕಬ್ಬಿಣ ಕೊಡುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಏನೂ ಹಾಕಬಾರದು, ಐದು ನಿಮಿಷ ದಾಟಿದರೆ ಆಸ್ಪತ್ರೆ.

ಭಾಷೆಯ ಬಗ್ಗೆ ಒಂದು ಮಾತು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಕನ್ನಡ, ಕೆಲವರ ಮನೆಯಲ್ಲಿ ತೆಲುಗು, ತಮಿಳು, ಉರ್ದು. ಇಂಗ್ಲಿಷ್ ಮೀಡಿಯಂ ಎಂದು ಬೋರ್ಡ್ ನೋಡಿದರೆ ನಮಗೆ ಆಸೆ. ಆದರೆ ಕಷ್ಟಪಟ್ಟು ಹತ್ತು ಮಾತು ಕಲಿತ ಮಗು “ನೀರು” ಅಂದರೆ ತಿಳಿಯದ ಟೀಚರ್ ಕೈಯಲ್ಲಿ ಏನಾದೀತು? ಮನೆಯ ಮಾತು ಬಲ್ಲ ಒಬ್ಬರಾದರೂ ಅಲ್ಲಿರಬೇಕು.

ಹತ್ತಿರ ಇರುವುದೂ ಒಂದು ಗುಣವೇ. ರಾಜಾನುಕುಂಟೆಯಿಂದ ಯಲಹಂಕ ದಾಟಿ ಹೆಬ್ಬಾಳದ ಕಡೆ ವ್ಯಾನಿನಲ್ಲಿ ಹೋಗಿಬರುವ ಮಗು ಟ್ರಾಫಿಕ್‌ನಲ್ಲೇ ಸೋತಿರುತ್ತದೆ. ವ್ಯಾನಿನಲ್ಲಿ ಡ್ರೈವರ್ ಬಿಟ್ಟು ಇನ್ನೊಬ್ಬರು, ಸಾಧ್ಯವಾದರೆ ಹೆಂಗಸು, ಇದ್ದೇ ಇರಬೇಕು. ಬಿ.ಎಂ.ಟಿ.ಸಿ. ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್‌ನಿಂದ ತಾಯಂದಿರಿಗೆ ಟಿಕೆಟ್ ಇಲ್ಲ. ಕೆಲವರು ತಾವೇ ಬಿಟ್ಟು ಬರುತ್ತಾರೆ, ಅದೂ ಒಳ್ಳೆಯದೇ.

ದೊಡ್ಡ ಮಕ್ಕಳ ತಂದೆತಾಯಂದಿರು ಇನ್ನೊಂದು ಕೇಳಬೇಕು: ಪರೀಕ್ಷೆ ಎಲ್ಲಿ ಬರೆಸುತ್ತೀರಿ? ಚಿಕ್ಕ ಶಾಲೆಗಳಿಗೆ ಎಸ್.ಎಸ್.ಎಲ್.ಸಿ. ಮಾನ್ಯತೆ ಇಲ್ಲದಿದ್ದರೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್.ಐ.ಓ.ಎಸ್. ಮೂಲಕ ಕಟ್ಟಿಸಬಹುದು. ಅದರಲ್ಲಿ 3, 5, 8ನೇ ತರಗತಿಗೆ ಸಮನಾದ ಹಂತಗಳೂ ಇವೆ. ಪರೀಕ್ಷೆ ಆಗದ ಮಗುವಿಗೆ ದುಡ್ಡು ಎಣಿಸುವುದು, ಅಂಗಡಿಗೆ ಹೋಗಿಬರುವುದು ಕಲಿಸಲಿ.

ಚಿಕ್ಕ ಶಾಲೆಯೇ ಆಗಬೇಕು ಅಂತಲೂ ಇಲ್ಲ. ಪಕ್ಕದ ಸರ್ಕಾರಿ ಶಾಲೆಯನ್ನೂ ನೋಡಿ. ಪ್ರತಿ ಶಿಕ್ಷಣ ವಲಯದಲ್ಲೂ ಇಂಥ ಮಕ್ಕಳಿಗಾಗಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ, ಬಿ.ಇ.ಓ. ಆಫೀಸಿನಲ್ಲಿ ವಿಚಾರಿಸಿ. ನಮ್ಮ ಧರ್ಮಸಭೆಯ ಶಾಲೆಗಳ ಬಗ್ಗೆ ಕೇಳುತ್ತೀರಿ, ಗುರುಗಳ ಮುಂದೆಯೇ ಹೇಳುತ್ತೇನೆ. ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೋರ್ಟು ಬಿಟ್ಟಿದೆ ಅಂತ ಯೇಸುಸ್ವಾಮಿಯೂ ಬಿಟ್ಟಾರೆಯೇ? ನಮ್ಮ ಶಾಲೆಯಲ್ಲಿ ಇಲ್ಲ ಅನ್ನಿಸಿಕೊಂಡವರು ದಯವಿಟ್ಟು ನನಗೆ ತಿಳಿಸಿ. ನಾನು ಅಲ್ಲಿಗೂ ಹೋಗುತ್ತೇನೆ.

ಶಾಲೆ ನೋಡೋಕೆ ಒಬ್ಬರೇ ಹೋಗಲು ಅಂಜಿಕೆಯಾದರೆ ಇಬ್ಬರು ತಾಯಂದಿರು ಜೊತೆಯಾಗಿ ಹೋಗಿ. ಅದೂ ಆಗದಿದ್ದರೆ ಬಾಗಿಲ ಹತ್ತಿರ ಇಟ್ಟಿರುವ ಪುಸ್ತಕದಲ್ಲಿ ಹೆಸರು ಬರೆಸಿ, ನಮ್ಮ ಕಾರ್ಯಕರ್ತೆ ಬರುತ್ತಾಳೆ. ಈ ಸಲ ಕಾಫಿ ಕುಡಿದು ವಾಪಸ್ ಬರಬಾರದು ಅಂತ ಅವಳಿಗೆ ಹೇಳಿದ್ದೇನೆ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.